ಎಲ್ಲಿ ಹಿಡಿಯಬೇಕು

ಸುಗ್ಗಿ ಮುಗಿದು ಜೋಳದ ಕಣಿಕೆ ಬಣವೆ ಏರಿದ ಮೇಲೆ ಬೀದರ ಜಿಲ್ಲೆಯ ನಮ್ಮ ಘಾಟಬೋರಾಳದ ಹುಡುಗರಿಗೆ ಕೈತುಂಬ ಕೆಲಸ. ಒಣಗಿದ ಕಣಿಕೆಯ ಸಿಪ್ಪೆ ಸುಲಿದರೆ ಒಳಗೆ ಬಿಳಿಯ ಬೆಂಡು. ಬೆಂಡನ್ನು ತುಂಡು ಮಾಡಿ, ಸುಲಿದ ಸಿಪ್ಪೆಯನ್ನೇ ಮೊಳೆಯಾಗಿ ಚುಚ್ಚಿದರೆ ಬಂಡಿ ಸಿದ್ಧ. ನೊಗ, ಈಸು, ಅಚ್ಚು, ಗಾಲಿ, ಎಲ್ಲವೂ ಒಂದೇ ದಂಟಿನಿಂದ. ಸಿಪ್ಪೆಯ ಅಂಚು ಬೆರಳು ಕೊಯ್ದರೂ ಯಾರೂ ಕೈಬಿಟ್ಟು ಏಳುತ್ತಿರಲಿಲ್ಲ. ಗಾಲಿ ದೊಡ್ಡದಾಗಿ ನೊಗ ಸಣ್ಣದಾದರೆ ಗೆಳೆಯರು ಅದನ್ನು ಬಂಡಿಯೆಂದು ಒಪ್ಪುತ್ತಿರಲಿಲ್ಲ. ಅಳತೆಪಟ್ಟಿ ಇಲ್ಲದೆ ಕಣ್ಣಳತೆಯಲ್ಲೇ ದೊಡ್ಡದನ್ನು ಚಿಕ್ಕದಾಗಿಸುವ ವಿದ್ಯೆಯನ್ನು ನಾವು ಕಲಿತದ್ದು ಹಾಗೆ.

ಒಮ್ಮೆ ಹುಮನಾಬಾದಿಗೆ ಹೋದಾಗ ಪುಣೆ–ಹೈದರಾಬಾದ್ ಹೆದ್ದಾರಿಯ ಬದಿಯಲ್ಲಿ ಒಂದು ಅಂಬಾಸಿಡರ್ ನಿಂತಿತ್ತು. ಊರಿಗೆ ಮರಳಿದವನೇ ಬೆಂಡಿನಲ್ಲಿ ಆ ಕಾರು ಮಾಡಲು ಕೂತೆ. ಎಷ್ಟು ಕೆತ್ತಿದರೂ ಅದರ ಉಬ್ಬಿದ ಬಾನೆಟ್ ಬರಲಿಲ್ಲ. ಆ ಬಾರದ ಬಾನೆಟ್ಟೇ ಮುಂದೆ ನನ್ನಿಂದ ಇಪ್ಪತ್ತು ವರ್ಷಗಳ ಕಾಲ ಹಳೆಯ ಕಾರುಗಳ ಪುಟ್ಟ ಮಾದರಿಗಳನ್ನು ಕಟ್ಟಿಸಿತು. ಹೈದರಾಬಾದಿನ ನೌಕರಿಯ ದಿನಗಳಲ್ಲಿ ರಾತ್ರಿ ಊಟವಾದ ಮೇಲಿನ ಎರಡು ತಾಸು ಅದಕ್ಕೇ ಮೀಸಲು.

ಈ ಕೆಲಸದ ಜೀವಾಳ ಅಳತೆ. ನಿಜವಾದ ಅಂಬಾಸಿಡರ್ ಸುಮಾರು 4.3 ಮೀಟರ್ ಉದ್ದ. 1:24 ಪ್ರಮಾಣದಲ್ಲಿ ಅದು 18 ಸೆಂಟಿಮೀಟರ್, 1:43ರಲ್ಲಿ 10 ಸೆಂಟಿಮೀಟರ್. ಈ 43 ಎಂಬ ವಿಚಿತ್ರ ಅಂಕಿ ಬಂದದ್ದು ಆಟಿಕೆ ರೈಲಿನಿಂದ. ಅಲ್ಲಿ ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕ. ರೈಲಿನ ಪಕ್ಕ ನಿಲ್ಲಿಸಲು ಮಾಡಿದ ಕಾರುಗಳೂ ಅದೇ ಲೆಕ್ಕ ಹಿಡಿದವು.

ಪ್ರಮಾಣ ಇಳಿದಷ್ಟೂ ತಾಳ್ಮೆ ಏರಬೇಕು. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿಗೆ ಹೋಗುವ 7 ಮಿಲಿಮೀಟರ್ ವೈರು 1:24ರಲ್ಲಿ 0.3 ಮಿಲಿಮೀಟರ್‌ಗೂ ಕಡಿಮೆ. ಅದಕ್ಕೆ ಕರೆಂಟಿನ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ನಿಜವಾದ ಬಟ್ಟೆ ತಂದು ಸೀಟಿಗೆ ಅಂಟಿಸಿದರೆ ಅದರ ನೇಯ್ಗೆ ಗೋಣಿತಟ್ಟಿನಷ್ಟು ಒರಟಾಗಿ ಕಾಣುತ್ತದೆ. ಬಣ್ಣವನ್ನು ಒಮ್ಮೆಲೇ ದಪ್ಪಗೆ ಬಳಿದರೆ ಬಾಗಿಲಿನ ಸಂದು, ಬಾನೆಟ್ಟಿನ ಗೆರೆ ಎಲ್ಲ ಮುಚ್ಚಿಹೋಗುತ್ತವೆ. ತೆಳ್ಳಗೆ ಸಿಂಪಡಿಸಿ, ಒಣಗಿಸಿ, ನೀರು ಹಚ್ಚಿ ನಯವಾದ ಮರಳುಕಾಗದದಿಂದ ಉಜ್ಜಿ, ಮತ್ತೆ ಸಿಂಪಡಿಸಬೇಕು. ಗಾಜಿನ ಹತ್ತಿರ ಸೂಪರ್ ಗ್ಲೂ ಬಳಸಿದರೆ ಅದರ ಆವಿಯಿಂದಲೇ ಗಾಜು ಮಂಜಾಗುತ್ತದೆ. ಬ್ರಿಟನ್ನಿನ ಜೆರಾಲ್ಡ್ ವಿಂಗ್ರೋವ್ 1:15 ಪ್ರಮಾಣದಲ್ಲಿ ಲೋಹದ ಭಾಗಗಳನ್ನು ತಾನೇ ಕಡೆದು ಕಾರು ಕಟ್ಟಿದ ಕುಶಲಿ. ನನ್ನಂಥವನಿಗೆ ಅಷ್ಟು ದೊಡ್ಡ ಮಾತು ಸಲ್ಲದು. ಆದರೆ ಕೂತು ಮಾಡುವ ಸುಖ ಇಬ್ಬರಿಗೂ ಒಂದೇ.

ನನಗೆ ತೀರ ಹತ್ತಿರವಾದ ಕಾರು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. 1912ರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಅದರ ಹಿಂದಿನ ಆಸನ ಸಿಂಹಾಸನದಂತೆ ಎತ್ತರಿಸಿದ್ದು. ಅದನ್ನು ಬಯಸಿದ ಆರನೆಯ ನಿಜಾಮರು 1911ರಲ್ಲೇ ತೀರಿಕೊಂಡರು. ಕಾರು ಬಂದದ್ದು ಅವರ ಮಗನ ಕಾಲಕ್ಕೆ, ಓಡಿದ್ದು ಕೆಲವೇ ನೂರು ಮೈಲಿ. 1948ರವರೆಗೆ ನಮ್ಮ ಬೀದರ ಸೀಮೆಯೂ ಆ ಸಂಸ್ಥಾನದ್ದೇ. ನಮ್ಮ ಅಜ್ಜಂದಿರು ತೆರಿಗೆ ಕಟ್ಟಿದ ರಾಜ್ಯದ ಕಾರು ಎಂಬ ಭಾವದಿಂದಲೇ ನಾನು ಅದರ ಮುಂದೆ ಎಷ್ಟೋ ರವಿವಾರ ನೋಟ್‌ಬುಕ್ಕು ಹಿಡಿದು ನಿಂತಿದ್ದೇನೆ. ಅದರ ಪುಟ್ಟ ಮಾದರಿಗೆ ಆ ಹಳದಿ ಬಣ್ಣ ಕೂಡಿಬರಲು ಮೂರು ತಿಂಗಳು ಹಿಡಿಯಿತು.

ಅಂಗಡಿಯಲ್ಲಿ ಸಿಗುವ ಲೋಹದ ಕಾರುಗಳಿಗೂ ಬೀದರಿಗೂ ಒಂದು ನಂಟಿದೆ. ಅವುಗಳ ಮೈ ಸತುವಿನದು. ಜೊತೆಗೆ ಒಂದಿಷ್ಟು ಅಲ್ಯೂಮಿನಿಯಂ, ತಾಮ್ರ. ನಮ್ಮ ಬಿದರಿ ಪಾತ್ರೆಯೂ ಸತುವಿನದೇ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಬಂದ ಡಿಂಕಿ ಎಂಬ ಹೆಸರಿನ ಎಷ್ಟೋ ಆಟಿಕೆ ಕಾರುಗಳು ಗಾಜಿನ ಕಪಾಟಿನಲ್ಲಿ ನಿಂತಲ್ಲೇ ಉಬ್ಬಿ, ಬಿರಿದು, ಪುಡಿಯಾಗಿವೆ. ಎರಕದಲ್ಲಿ ಬೆರೆತ ಚೂರು ಸೀಸವೇ ಅದಕ್ಕೆ ಕಾರಣ. ಒಳಗಿನ ಲೋಹ ಶುದ್ಧವಿಲ್ಲದಿದ್ದರೆ ಹೊರಗಿನ ಹೊಳಪು ಅದನ್ನು ಉಳಿಸಲಾರದು. ತೇವವೂ ಶಾಖವೂ ಆ ನಾಶವನ್ನು ಬೇಗ ಮಾಡುತ್ತವೆ. ಹಳೆಯ ಕಾರು ಕೊಳ್ಳುವವರು ಮೈಮೇಲೆ ಸಣ್ಣ ಬಿರುಕು ಕಂಡರೆ ಅದನ್ನು ತೇವ, ಶಾಖಗಳಿಂದ ದೂರವಿಡುವುದು ಒಳ್ಳೆಯದು.

ನೌಕರಿ ಮುಗಿಸಿ ಊರಿಗೆ ಮರಳುವ ದಿನ ಬಂತು. ಮೂವತ್ತಕ್ಕೂ ಹೆಚ್ಚು ಕಾರುಗಳು. ಪಾತ್ರೆಪಗಡ, ಹಾಸಿಗೆಯ ಜೊತೆಗೆ ಅವನ್ನೂ ಸಾಮಾನು ಸಾಗಿಸುವವರ ಕೈಗೆ ಕೊಟ್ಟೆ. ಅವರು ಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಟೇಪು ಹಚ್ಚಿ, ಒಂದೇ ದೊಡ್ಡ ಡಬ್ಬಿಯಲ್ಲಿ ತುಂಬಿದರು. ಏಪ್ರಿಲ್ ತಿಂಗಳು, ಲಾರಿ ದಾರಿಯಲ್ಲಿ ಇಡೀ ದಿನ ಬಿಸಿಲಿಗೆ ನಿಂತಿತ್ತು. ಮನೆಗೆ ಬಂದು ಬಿಚ್ಚಿದಾಗ ಹಳದಿ ಬಣ್ಣದ ಮೇಲೆ ಗುಳ್ಳೆಗಳ ಅಚ್ಚು ಮೂಡಿತ್ತು. ಕನ್ನಡಿಗಳು ಮುರಿದಿದ್ದವು, ಎರಡು ಕಾರುಗಳ ಅಚ್ಚು ಬಾಗಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಸಾಗಿಸಿದವರ ಮೇಲೆ ಸಿಟ್ಟು ಬಂತು. ಬೆಳಗಾಗುವ ಹೊತ್ತಿಗೆ ತಪ್ಪು ನನ್ನದೆಂದು ತಿಳಿಯಿತು. ಆ ಕಾರುಗಳನ್ನು ಎಲ್ಲಿ ಹಿಡಿಯಬೇಕು ಎಂಬುದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದವನು ಕೈಕಟ್ಟಿ ನಿಂತಿದ್ದೆ.

ಆಗ ನೆನಪಾದವರು ಊರಿನ ಕುಂಬಾರ ಕಾಕಾ. ಸಂತೆಗೆ ಹೊರಡುವ ಮುನ್ನ ಅವರು ಬಂಡಿಗೆ ಹುಲ್ಲು ಹಾಸಿ, ಗಡಗಿಯ ಮೇಲೆ ಗಡಗಿ ಹೊಂದಿಸಿ, ನಡುನಡುವೆ ಹುಲ್ಲು ತುರುಕುತ್ತಿದ್ದರು. ಕಲ್ಲುದಾರಿಯಲ್ಲಿ ಬಂಡಿ ಕುಣಿದರೂ ಗಡಗಿ ಕುಣಿಯುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ ಅವರು ಹೇಳಿದ್ದಿಷ್ಟೇ: “ಗಡಗಿ ಭಾರಕ್ಕ ಒಡಿಯೂದಿಲ್ಲೋ ತಮ್ಮಾ, ಅಲ್ಲಾಡಿದ್ರ ಒಡಿತದ.” ಬಳೆಗಾರನ ಮಲಾರವೂ ಹೀಗೆಯೇ. ಬಿಡಿ ಗಾಜಿನ ಬಳೆ ಕೈಜಾರಿದರೆ ಚೂರು. ಅವನ್ನೇ ದಾರದಲ್ಲಿ ಒತ್ತಾಗಿ ಪೋಣಿಸಿ ಹೆಗಲಿಗೇರಿಸಿದರೆ ಹತ್ತೂರು ಸುತ್ತಿ ಬರುತ್ತವೆ. ಮಾಡಿದ್ದನ್ನು ಸಾಗಿಸುವುದೂ ಕಸುಬಿನದೇ ಅರ್ಧ ಎಂದು ಅವರು ತಿಳಿದಿದ್ದರು.

ಈಗ ನಾನು ಕಾರುಗಳನ್ನು ಸಾಗಿಸುವುದು ಕಾಕಾ ಅವರ ಲೆಕ್ಕದಲ್ಲಿ. ಮೊದಲು ಪ್ರತಿಯೊಂದರ ಫೋಟೊ ತೆಗೆದು, ನಂಬರು ಹಾಕಿ, ಪಟ್ಟಿ ಬರೆಯುತ್ತೇನೆ. ಕಳಚಲು ಬರುವ ಕನ್ನಡಿ, ಏರಿಯಲ್ ತೆಗೆದು ಪುಟ್ಟ ಚೀಲದಲ್ಲಿಟ್ಟು ಅದೇ ನಂಬರು ಬರೆಯುತ್ತೇನೆ. ಬಣ್ಣಕ್ಕೆ ತಾಕುವುದು ಮೆತ್ತನೆಯ ಬಿಳಿ ಟಿಶ್ಯೂ ಕಾಗದ ಮಾತ್ರ. ಸುದ್ದಿಪತ್ರಿಕೆಯ ಶಾಯಿಯಾಗಲಿ ಗುಳ್ಳೆಯ ಪ್ಲಾಸ್ಟಿಕ್ಕಾಗಲಿ ನೇರ ಮೈಗೆ ತಾಕಬಾರದು. ಭಾರವೆಲ್ಲ ಗಾಲಿಯ ಮೇಲೆ ಬೀಳದಂತೆ ಕಾರಿನ ಹೊಟ್ಟೆಯ ಕೆಳಗೆ ಸ್ಪಂಜಿನ ಆಸರೆ ಕೊಡಬೇಕು. ಮೆತ್ತನೆಯ ಟೈರು ಪ್ಲಾಸ್ಟಿಕ್ಕಿನ ಮೇಲೆ ಬಹುದಿನ ಕೂತರೆ ಅದನ್ನು ಕರಗಿಸುತ್ತದೆ. ಅದಕ್ಕೇ ನಡುವೆ ಕಾಗದ. ಒಂದು ಕಾರಿಗೆ ಒಂದು ಡಬ್ಬಿ. ಆ ಡಬ್ಬಿಗಳೆಲ್ಲ ಒಂದು ಗಟ್ಟಿ ಪೆಟ್ಟಿಗೆಯೊಳಗೆ, ಸುತ್ತಲೂ ನಾಲ್ಕು ಬೆರಳು ಜಾಗ, ಆ ಜಾಗದ ತುಂಬ ಮೆತ್ತೆ. ಮುಚ್ಚಿದ ಮೇಲೆ ಮೆಲ್ಲಗೆ ಅಲ್ಲಾಡಿಸಿ ಕಿವಿಗೊಡಬೇಕು. ಒಳಗಿನಿಂದ ಸದ್ದು ಬಂದರೆ ಮತ್ತೆ ಬಿಚ್ಚಬೇಕು. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಎಂದೂ ಇಡಬಾರದು. ಹೊತ್ತುಕೊಳ್ಳಬಹುದಾದಷ್ಟನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗಬೇಕು. ಕಳೆದ ಸಲ ಹುಮನಾಬಾದಿನಿಂದ ಕಲಬುರಗಿಗೆ ರೈಲಿನಲ್ಲಿ ಹೊರಟಾಗ ಆ ಹಳದಿ ಕಾರು ನನ್ನ ತೊಡೆಯ ಮೇಲಿತ್ತು. ಒಂದು ಗೀರೂ ಬೀಳಲಿಲ್ಲ.

ಮ್ಯಾಚ್‌ಬಾಕ್ಸ್ ಕಾರುಗಳ ಹುಟ್ಟು ನೆನೆದಾಗಲೆಲ್ಲ ಮನಸ್ಸು ಮೆತ್ತಗಾಗುತ್ತದೆ. ಲಂಡನ್ನಿನ ಲೆಸ್ನಿ ಕಂಪನಿಯ ಜಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಯುವಷ್ಟು ಚಿಕ್ಕ ಆಟಿಕೆಗೆ ಮಾತ್ರ ಅಪ್ಪಣೆ. ಅಪ್ಪ ಮಗಳಿಗಾಗಿ ಹಿತ್ತಾಳೆಯ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಆ ಹೆಸರಿನ ಆಟಿಕೆಗಳು ಅಂಗಡಿಗೆ ಬಂದವು. ಪೊಟ್ಟಣದ ಅಳತೆ ಮೊದಲು, ಆಟಿಕೆ ಆಮೇಲೆ. ಮಗುವಿನ ಜೇಬಿನಲ್ಲಿ ಅದು ಹೇಗೆ ಹೋಗಿ ಹೇಗೆ ಬರುತ್ತದೆ ಎಂದು ಆ ಅಪ್ಪ ಮಾಡುವ ಮುನ್ನವೇ ಯೋಚಿಸಿದ್ದರು.

ನಮ್ಮ ಬೀದರ ಜಿಲ್ಲೆಯ ಮಂದಿ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋಗುವವರು. ವರ್ಷಕ್ಕೊಮ್ಮೆ ಮನೆ ಬದಲಿಸುವ ಕುಟುಂಬಗಳು ಎಷ್ಟೋ. ಆ ಗಡಿಬಿಡಿಯಲ್ಲಿ ಟಿವಿ, ಫ್ರಿಜ್ಜು ಜೋಪಾನವಾಗಿ ತಲುಪುತ್ತವೆ. ಮಗು ಮಾಡಿದ ಮಣ್ಣೆತ್ತು, ರಟ್ಟಿನ ಬಸ್ಸು, ಬೆಂಡಿನ ಬಂಡಿ ಕಸದ ಜೊತೆ ಹೊರಗೆ ಬೀಳುತ್ತವೆ. ಫ್ರಿಜ್ಜು ಮತ್ತೊಂದು ಸಿಗುತ್ತದೆ. ಎಂಟು ವರ್ಷದ ಕೈ ಮಾಡಿದ ಬಂಡಿಯನ್ನು ಆ ಕೈ ಮತ್ತೆ ಮಾಡಲಾರದು, ಏಕೆಂದರೆ ಅದು ಬೆಳೆದುಬಿಟ್ಟಿರುತ್ತದೆ.

ಮುಂದಿನ ಸಲ ಮನೆ ಬದಲಿಸುವಾಗ ಮೊದಲ ಡಬ್ಬಿ ಮಗುವಿನ ಕೈಗೆ ಕೊಡಿ. ತಾನು ಮಾಡಿದ್ದನ್ನು ತಾನೇ ಸುತ್ತಲಿ, ತಾನೇ ನಂಬರು ಬರೆಯಲಿ. ಎಲ್ಲಿ ಹಿಡಿಯಬೇಕೆಂದು ನೀವು ಮಗುವನ್ನೇ ಕೇಳಿ ತಿಳಿದುಕೊಳ್ಳಿ. ದಾರಿಯುದ್ದಕ್ಕೂ ಆ ಡಬ್ಬಿ ನಿಮ್ಮ ತೊಡೆಯ ಮೇಲಿರಲಿ.