ಒಂದು ಪೆಟ್ಟಿಗೆ, ಇಬ್ಬರು ಒಡೆಯರು

ಮನುಷ್ಯ ತನ್ನ ಹಳೆಯ ಮಾತಿಗೆ ಎಷ್ಟು ಕಾಲ ಕಟ್ಟುಬಿದ್ದವನು? ಈ ಪ್ರಶ್ನೆಯನ್ನು ನನಗೆ ಒಡ್ಡಿದ್ದು ಮೇಜಿನ ಮೇಲಿರುವ ಹಳೆಯ ಗಣಕಯಂತ್ರ. 2001ರಲ್ಲಿ ಕೊಂಡ ಪವರ್ ಮ್ಯಾಕ್ ಜಿ4 ಅದು. ಮನೆಯವರ ಕಣ್ಣಿಗೆ ಗುಜರಿಗೆ ಹೋಗಬೇಕಾದ ಪೆಟ್ಟಿಗೆ.

ಚಾಲೂ ಮಾಡುವಾಗ ಆಪ್ಷನ್ ಎಂಬ ಕೀಲಿಯನ್ನು ಒತ್ತಿ ಹಿಡಿದರೆ, ಯಾರ ಆಳ್ವಿಕೆ ಬೇಕೆಂದು ಅದು ನಮ್ಮನ್ನೇ ಕೇಳುತ್ತದೆ. ಡಿಸ್ಕಿನ ಒಂದು ಭಾಗದಲ್ಲಿ 1999ರ ಆಪರೇಟಿಂಗ್ ಸಿಸ್ಟಂ ಮ್ಯಾಕ್ ಓಎಸ್ 9, ಇನ್ನೊಂದರಲ್ಲಿ 2005ರ ಟೈಗರ್. ಯಂತ್ರ ಒಂದೇ, ನಡವಳಿಕೆ ಎರಡು. ಹಳೆಯದರಲ್ಲಿ ಒಂದು ಪ್ರೋಗ್ರಾಂ ಮುಗ್ಗರಿಸಿದರೆ ಇಡೀ ಯಂತ್ರವೇ ಸ್ತಬ್ಧವಾಗಬಹುದು; ಹೊಸದು ಪ್ರತಿಯೊಂದಕ್ಕೂ ಗೋಡೆ ಕಟ್ಟಿ ಬೇರೆ ಕೋಣೆ ಕೊಟ್ಟಿದೆ. 2002ರ ಮೇ ತಿಂಗಳಲ್ಲಿ ಸ್ಟೀವ್ ಜಾಬ್ಸ್ ಅವರು ಸ್ಯಾನ್ ಹೋಸೆಯಲ್ಲಿ ವೇದಿಕೆಗೆ ಶವಪೆಟ್ಟಿಗೆಯನ್ನೇ ತರಿಸಿ, ಓಎಸ್ 9ಕ್ಕೆ ಶ್ರದ್ಧಾಂಜಲಿ ಸಲ್ಲಿಸಿದರು. ಆ ಮೃತ ನನ್ನ ಮನೆಯಲ್ಲಿ ಕೀಲಿ ಒತ್ತಿದೊಡನೆ ಎದ್ದು ಕೂರುತ್ತಾನೆ!

ಹೋದ ವಾರ ಹಾಗೆ ಎದ್ದವನು ಒಂದು ಕಾಗದವನ್ನು ತೋರಿಸಿದ. 2001ರಲ್ಲಿ ಗೆಳೆಯನೊಬ್ಬನಿಗೆ ನಾನೇ ಬರೆದದ್ದು: ಕಷ್ಟಕಾಲಕ್ಕೆ ನೀನು ಕೊಟ್ಟ ಐದು ಸಾವಿರವನ್ನು ದೀಪಾವಳಿಯೊಳಗೆ ತೀರಿಸುತ್ತೇನೆ, ಎಂದು. ತೀರಿಸಿದ ನೆನಪಿಲ್ಲ. ಅವನೂ ಕೇಳಲಿಲ್ಲ.

ಮೊದಲು ಹೊಳೆದದ್ದು ನುಣುಚಿಕೊಳ್ಳುವ ದಾರಿಯೇ. ಬರೆದವನ ಅಂಜಿಕೆ, ನಂಬಿಕೆ, ರುಚಿ ಯಾವುದೂ ನನ್ನಲ್ಲಿ ಉಳಿದಿಲ್ಲ. ಅವನ ಸಾಲಕ್ಕೆ ನಾನೇಕೆ ಹೊಣೆ? ಮಾತಿಗೆ ತಪ್ಪಿದವರೆಲ್ಲ ‘ನಾನೀಗ ಆ ಮನುಷ್ಯನಲ್ಲ’ ಎಂದೇ ಅಲ್ಲವೆ ಹೇಳುವುದು? (ಹೊಗಳಿಕೆ ಬಂದಾಗ ಮಾತ್ರ ನಾವು ಆಗಿನ ಮನುಷ್ಯರೇ.)

ಟೈಗರಿಗೆ ಬಂದು ನೋಡಿದೆ. ಕಾಗದ ಅಲ್ಲಿಂದಲೂ ಕಾಣುತ್ತಿತ್ತು. ಇನ್ನೊಂದು ವಿಚಿತ್ರವನ್ನೂ ಹೇಳಬೇಕು: ಅನ್ಯರು ತೆರೆಯದಂತೆ ಹೊಸ ವ್ಯವಸ್ಥೆ ಬೀಗ ಹಾಕಿಟ್ಟ ಕಡತವನ್ನು ಹಳೆಯದು ಯಾರನ್ನೂ ಕೇಳದೆ ತೆರೆದುಬಿಡುತ್ತದೆ. ಆ ಬಗೆಯ ಬೀಗವನ್ನು ಅದು ಅರಿಯದು. ನಮ್ಮ ಇಂದಿನ ಕಟ್ಟುಪಾಡುಗಳ ಬಲವೂ ಇಷ್ಟೇ ಇರಬಹುದು.

ಹಾಗಾದರೆ ಸಾಲ ಡಿಸ್ಕಿನದೆ? ಡಿಸ್ಕು ಬರೆದದ್ದನ್ನು ಹೊತ್ತಿರುತ್ತದೆ, ಮಾತು ಕೊಡುವುದಿಲ್ಲ. ಕೊಟ್ಟವನಿಗೆ ಇಂದು ಕೈಯಿಲ್ಲ. ಕೈಯಿರುವವನು ಕೊಟ್ಟಿಲ್ಲ ಎನ್ನುತ್ತಾನೆ. ಆ ಹಣದಿಂದ ಅಂದು ಮನೆಯ ಬಾಡಿಗೆ ಕಟ್ಟಿದ್ದು ಮಾತ್ರ ನಿಜ. ಆ ಮನೆಯಲ್ಲಿ ಅಂದು ಮಲಗಿದವನು ಯಾರೆಂದು ಕೇಳಿದರೆ, ‘ಬೇರೆಯವನು’ ಎನ್ನಲು ನನಗೆ ಬಾಯಿ ಬರಲಿಲ್ಲ.

ಯಂತ್ರವನ್ನು ನಿಲ್ಲಿಸಿ ಗೆಳೆಯನ ವಿಳಾಸ ಹುಡುಕತೊಡಗಿದೆ. ಬಡ್ಡಿಯನ್ನು ಯಾವ ಲೆಕ್ಕದಲ್ಲಿ ಕೊಡುವುದೋ ತಿಳಿಯದು. ಅವನಾದರೂ ಆಗಿನವನಾಗಿಯೇ ಉಳಿದಿದ್ದಾನೋ ಇಲ್ಲವೋ.