ಸೀನು ದೇಹದ್ದು, ಸದ್ದು ಯಾರದು?

ಪಿರಿಯಾಪಟ್ಟಣ, ಹುಣಸೂರು ಸೀಮೆಯವರಿಗೆ ಸೀನು ಹೊಸದಲ್ಲ. ಬ್ಯಾರನ್‌ನಲ್ಲಿ ಹದಗೊಂಡ ಹೊಗೆಸೊಪ್ಪನ್ನು ಕಂಪಲಾಪುರದ ಹರಾಜಿಗೆ ಒಯ್ಯುವ ಮುನ್ನ ಎಲೆಯ ಬಣ್ಣ, ಗುಣ ನೋಡಿ ವಿಂಗಡಿಸಬೇಕು. (ಹೊಗೆಸೊಪ್ಪು ಬೆಳೆಯುವುದು ಸರಿಯೇ ಎಂಬುದು ಬೇರೆಯೇ ಪ್ರಶ್ನೆ.) ಆ ಧೂಳು ಮೂಗಿಗೆ ತಾಗಿದರೆ ಸಾಕು. ಒಂದೇ ಜಗಲಿಯಲ್ಲಿ ಕುಳಿತವರಲ್ಲಿ ಒಬ್ಬಳದು ಬೆಕ್ಕಿನ ಸೀನು, ಇನ್ನೊಬ್ಬಳದು ಪಕ್ಕದ ಬೀದಿಗೂ ಕೇಳಿಸುವ ಸೀನು. ಧೂಳು ಒಂದೇ ಆಗಿರುವಾಗ ಈ ಅಂತರವೆಲ್ಲಿಂದ ಬಂತು?

ಇದನ್ನು ಕೇಳಲು ಕಾರಣವಿದೆ. ಗಟ್ಟಿಯಾಗಿ ಸೀನಿದ ಸೊಸೆಗೆ "ಹೆಣ್ಣೆಂಬ ಪರಿವೆ ಬೇಡವೇ?" ಎಂಬ ಮಾತು ಸಿಗುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಅದೇ ಮನೆಯ ಯಜಮಾನನ ಸೀನಿಗೆ ತೊಟ್ಟಿಲ ಮಗು ಬೆಚ್ಚಿಬಿದ್ದರೆ ಎಲ್ಲರೂ ನಗುತ್ತಾರೆ!

ಮೂಗಿನ ಒಳಪೊರೆಗೆ ಕಿರಿಕಿರಿಯಾದೊಡನೆ ನರದ ಮೂಲಕ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟುತ್ತದೆ. ಎದೆ ತುಂಬ ಉಸಿರು ಸೆಳೆದುಕೊಳ್ಳುತ್ತೇವೆ, ಗಂಟಲು ಮುಚ್ಚುತ್ತದೆ, ಎದೆ ಹೊಟ್ಟೆಗಳ ಸ್ನಾಯುಗಳು ಬಿಗಿಯುತ್ತವೆ, ಮರುಕ್ಷಣವೇ ಗಾಳಿ ನುಗ್ಗಿ ಹೊರಬರುತ್ತದೆ. ನಮ್ಮ ಅನುಮತಿಯನ್ನು ಯಾರೂ ಕೇಳುವುದಿಲ್ಲ. ಸೆಳೆದುಕೊಂಡ ಗಾಳಿ ಹೆಚ್ಚಿದ್ದಷ್ಟೂ, ಸ್ನಾಯುಗಳು ಬಲವಾಗಿದ್ದಷ್ಟೂ ರಭಸ ಹೆಚ್ಚು. ಶ್ವಾಸಕೋಶದ ಗಾತ್ರ, ಮೂಗು ಗಂಟಲುಗಳ ರಚನೆ ಒಬ್ಬೊಬ್ಬರದು ಒಂದೊಂದು ತರಹ. ಅದು ಯಾರೂ ಆರಿಸಿಕೊಂಡದ್ದಲ್ಲ, ಸೃಷ್ಟಿಕರ್ತನು ಕೊಟ್ಟದ್ದು.

ಆದರೆ ಹುಟ್ಟು ಕಿವುಡರಲ್ಲಿ ಹಲವರ ಸೀನಿನಲ್ಲಿ 'ಆಕ್ಷಿ' ಎಂಬ ಕೂಗು ಇರುವುದೇ ಇಲ್ಲ, ಬರೀ ಗಾಳಿಯ ರಭಸ. ಅಂದರೆ ಆ ಕೂಗಿನಲ್ಲಿ ಒಂದಂಶವನ್ನಾದರೂ ನಾವು ಕೇಳಿ ಕಲಿತಿದ್ದೇವೆ. ಬಾಯಿ ಎಷ್ಟು ತೆರೆಯುತ್ತೇವೆ, ಸ್ವರ ಎಷ್ಟು ಬೆರೆಸುತ್ತೇವೆ ಎಂಬುದು ಅಭ್ಯಾಸ. ಹೊಣೆ ಇರುವುದು ಇಷ್ಟಕ್ಕೆ ಮಾತ್ರ. ಶಕ್ತಿ ಮೀರಿದ ಭಾರವನ್ನು ಅಲ್ಲಾಹನೇ ಯಾರ ಮೇಲೂ ಹೊರಿಸದಿರುವಾಗ ನಾವು ಹೊರಿಸುವುದು ಯಾವ ಅಧಿಕಾರದಿಂದ?

ಪ್ರವಾದಿ ಮುಹಮ್ಮದ್(ಸ)ರು ಸೀನುವಾಗ ಕೈಯನ್ನೋ ಬಟ್ಟೆಯನ್ನೋ ಮುಖಕ್ಕೆ ಹಿಡಿದು ಸದ್ದನ್ನು ತಗ್ಗಿಸುತ್ತಿದ್ದರೆಂದು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಗಮನಿಸಿ, ಇಲ್ಲಿರುವುದು ತಗ್ಗಿಸುವ ಮಾತು, ತಡೆಯುವ ಮಾತಲ್ಲ. ಅಲ್ಲಾಹನು ಸೀನನ್ನು ಮೆಚ್ಚುತ್ತಾನೆ, ಸಾಧ್ಯವಾದಷ್ಟು ತಡೆಯಬೇಕಾದದ್ದು ಆಕಳಿಕೆಯನ್ನು ಎಂದು ಬುಖಾರಿಯ ಹದೀಸಿನಲ್ಲಿದೆ. ಇಂಗ್ಲೆಂಡಿನ ಲೆಸ್ಟರ್‌ನ ವೈದ್ಯರು 2018ರಲ್ಲಿ ಒಂದು ಪ್ರಕರಣ ಪ್ರಕಟಿಸಿದರು. 34 ವರ್ಷದ ವ್ಯಕ್ತಿಯೊಬ್ಬ ಮೂಗು ಹಿಡಿದು, ಬಾಯಿ ಮುಚ್ಚಿ ಸೀನನ್ನು ತಡೆಯಹೋಗಿ ಗಂಟಲೊಳಗೆ ಹರಿದುಕೊಂಡು ಆಸ್ಪತ್ರೆ ಸೇರಿದ್ದ. "ಸೀನನ್ನು ನುಂಗಿಕೋ" ಎನ್ನುವ ಅತ್ತೆಯವರು ಇದನ್ನು ತಿಳಿದಿರುವುದು ಒಳ್ಳೆಯದು. ಸೆರಗನ್ನೋ ಕರವಸ್ತ್ರವನ್ನೋ ಹಿಡಿಯಲು ಹೇಳಲಿ, ಅದನ್ನು ಮಗನಿಗೂ ಹೇಳಲಿ.

ಒಮ್ಮೆ ಪ್ರವಾದಿ(ಸ)ಯವರ ಬಳಿ ಇಬ್ಬರು ಸೀನಿದರು. ಒಬ್ಬನಿಗೆ ಮಾತ್ರ ಅವರು ಕರುಣೆಯ ಪ್ರಾರ್ಥನೆಯಿಂದ ಉತ್ತರಿಸಿದರು. ಕಾರಣ ಕೇಳಿದಾಗ, ಇವನು ಅಲ್ಲಾಹನನ್ನು ಸ್ತುತಿಸಿದ, ಅವನು ಸ್ತುತಿಸಲಿಲ್ಲವೆಂದರು. ಯಾರ ಸೀನು ಜೋರಾಗಿತ್ತೆಂಬ ಮಾತೇ ಅಲ್ಲಿಲ್ಲ. ನಮ್ಮ ಜಗಲಿಗಳಲ್ಲಿ ಸದ್ದಿನ ಚರ್ಚೆ ಮುಗಿಯುವಷ್ಟರಲ್ಲಿ, ಅವಳು ಮೆಲ್ಲಗೆ ಹೇಳಿದ 'ಅಲ್‌ಹಮ್ದುಲಿಲ್ಲಾಹ್'ಗೆ 'ಯರ್‌ಹಮುಕಿಲ್ಲಾಹ್' ಎನ್ನುವವರೇ ಇರುವುದಿಲ್ಲ. ಹೊರಡುವಾಗ ಒಂಟಿ ಸೀನು ಕೇಳಿತೆಂದು ಚಪ್ಪಲಿ ಬಿಚ್ಚಿ ಕೂರುವವರೂ ನಮ್ಮಲ್ಲೇ ಇದ್ದಾರೆ!

ಮೂರಕ್ಕಿಂತ ಹೆಚ್ಚು ಬಾರಿ ಸೀನಿದರೆ ಅದು ನೆಗಡಿಯೆಂದೂ ಹದೀಸಿನಲ್ಲಿದೆ. ಸೊಪ್ಪಿನ ಧೂಳಿನಲ್ಲಿ ಕುಳಿತು ಹತ್ತು ಸಲ ಸೀನಿದವಳಿಗೆ ಮೂಗಿಗೊಂದು ಬಟ್ಟೆ ಕೊಡಿ, ಬಾಗಿಲು ತೆರೆದಿಡಿ, ಒಂದಿಷ್ಟು ಹೊತ್ತು ಅಂಗಳಕ್ಕೆ ಕಳಿಸಿ.