ಬಕೆಟ್ ಮೇಲೆ ಕೂತ ಅಪ್ಪ

ಅಮೆರಿಕದಲ್ಲಿ ಆಗಸ್ಟ್ ತಿಂಗಳೆಂದರೆ ಹುಡುಗಿಯರ ಸಾಫ್ಟ್‌ಬಾಲ್ ತಂಡಗಳಿಗೆ ಆಯ್ಕೆಯ ಕಾಲ. ಬೇಸಿಗೆಯ ಟೂರ್ನಿಗಳು ಮುಗಿದಿರುತ್ತವೆ, ಶಾಲೆ ಇನ್ನೇನು ಶುರುವಾಗಬೇಕು. ಹತ್ತರ ಒಳಗಿನವರು, ಹನ್ನೆರಡರ ಒಳಗಿನವರು, ಹದಿನಾಲ್ಕರ ಒಳಗಿನವರು ಎಂದು ವಯಸ್ಸು ನೋಡಿ ತಂಡ ಕಟ್ಟುತ್ತಾರೆ. ಮಕ್ಕಳು ಮೈದಾನದಲ್ಲಿ ಹಿಡಿದು, ಎಸೆದು, ಹೊಡೆದು ತೋರಿಸುತ್ತಿದ್ದರೆ ಕೋಚ್ ಕೈಯ ಹಾಳೆಯಲ್ಲಿ ಅಂಕ ಬೀಳುತ್ತಿರುತ್ತದೆ. ಆದರೆ ನಾಲ್ಕಾರು ವರ್ಷ ಪಳಗಿದ ಕೋಚ್‌ನ ಒಂದು ಕಣ್ಣು ತಂತಿ ಬೇಲಿಯ ಆಚೆಗೇ. ಮಡಚುವ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತವರು ಯಾರು, ಕೂರಲಾರದೆ ಬೇಲಿಗೆ ಮೂಗು ಒತ್ತಿ ನಿಂತವರು ಯಾರು, ಕಿಟ್ ಬ್ಯಾಗನ್ನು ಕಾರಿನಿಂದ ಹೊತ್ತು ತಂದದ್ದು ಮಗಳೋ ಅಪ್ಪನೋ? ಈ ಅಂಕಗಳು ಹಾಳೆಗೆ ಇಳಿಯುವುದಿಲ್ಲ. ಮನೆತನ ವಿಚಾರಿಸದೆ ಹೆಣ್ಣು ತರದ ನಮ್ಮ ಹಿರಿಯರ ಹಾಗೆ, ತಂದೆ ತಾಯಿಯನ್ನು ನೋಡದೆ ಆಟಗಾರ್ತಿಯನ್ನು ಆರಿಸುವ ಕೋಚ್ ಅಲ್ಲಿ ಕಡಿಮೆ.

ಬ್ಯಾಟು ಬೀಸಿ ಮೂರೂ ತಪ್ಪಿ ಔಟಾದ ಹುಡುಗಿ ತಲೆಯೆತ್ತಿದಾಗ ಮೊದಲು ಯಾರ ಮುಖ ನೋಡುತ್ತಾಳೆ ಎನ್ನುವುದು ಎಲ್ಲಕ್ಕಿಂತ ದೊಡ್ಡ ಸುಳಿವು. ಗೆಳತಿಯರನ್ನೋ ಕೋಚನ್ನೋ ನೋಡಿದರೆ ಸರಿ. ಬೇಲಿಯಾಚೆ ನೋಡಿದಳೋ, ಆ ಮನೆಯಲ್ಲಿ ಇನ್ನೊಬ್ಬ ಕೋಚ್ ಇದ್ದಾನೆಂದೇ ಲೆಕ್ಕ.

ಆ ಮನೆಯ ಕೋಚನ್ನು ಬರೀ ಬಯ್ದರೆ ಅನ್ಯಾಯವಾಗುತ್ತದೆ. ಸಾಫ್ಟ್‌ಬಾಲ್ ಬೇಸ್‌ಬಾಲ್‌ನ ಒಡಹುಟ್ಟು. ಇದರಲ್ಲಿ ಚೆಂಡು ಎಸೆಯುವ ‘ಪಿಚರ್’ ಅದನ್ನು ತೋಳು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಬಿಡಬೇಕು. ಹತ್ತರ ಒಳಗಿನವರು 35 ಅಡಿ ದೂರದಿಂದ, ಹನ್ನೆರಡರ ಒಳಗಿನವರು 40 ಅಡಿಯಿಂದ, ಹದಿನಾಲ್ಕರ ಗುಂಪಿಗೆ ಬಂದರೆ 43 ಅಡಿಯಿಂದ. ಇದು ನೂರಾರು ಸಲ ಎಸೆಯದೆ ಕೈಗೆ ಹತ್ತುವ ವಿದ್ಯೆಯಲ್ಲ. ಎಸೆಯುವವಳಿದ್ದರೆ ಎದುರಿಗೆ ಹಿಡಿಯುವವರು ಬೇಕಲ್ಲ? ಆಫೀಸು ಮುಗಿಸಿ ಬಂದ ಅಪ್ಪ ಹಿತ್ತಲಲ್ಲಿ ಚೆಂಡು ತುಂಬುವ ಪ್ಲಾಸ್ಟಿಕ್ ಬಕೆಟ್ಟಿನ ಮೇಲೆ ಕೂತು ಗ್ಲೌಸ್ ಒಡ್ಡುತ್ತಾನೆ. ಕುಕ್ಕರಗಾಲಲ್ಲಿ ಕೂರಲು ಮೊಣಕಾಲು ಒಪ್ಪುವುದಿಲ್ಲ, ಅದಕ್ಕೇ ಬಕೆಟ್. ನೆಲಕ್ಕೆ ಬಡಿದು ಎದ್ದ ಚೆಂಡು ಕಣಕಾಲ ಮೂಳೆಗೆ ಕುಟ್ಟಿ ನೀಲಿಗಟ್ಟುತ್ತದೆ. ಅಲ್ಲಿನವರು ಇಂಥವರನ್ನು ‘ಬಕೆಟ್ ಡ್ಯಾಡ್’ ಎಂದೇ ಕರೆಯುತ್ತಾರೆ. ಹೀಗೆ ವರ್ಷಗಟ್ಟಲೆ ಕೂತವನಿಗೆ ಮಗಳ ತೋಳಿನಲ್ಲಿ ತನಗೂ ಅರ್ಧ ಪಾಲಿದೆ ಅನ್ನಿಸುವುದು ಸಹಜವೇ. ಆಯ್ಕೆಯ ದಿನ ಅವನು ಕೋಚ್ ಹತ್ತಿರ ಹೋಗಿ, ‘ಪಿಚಿಂಗ್ ಗ್ಯಾರಂಟಿ ಕೊಟ್ಟರೆ ಈಗಲೇ ಸೇರಿಸುತ್ತೇನೆ’ ಎನ್ನುತ್ತಾನೆ.

ಕೊಡಲು ಕೋಚ್ ಹತ್ತಿರ ಗ್ಯಾರಂಟಿ ಎಲ್ಲಿಂದ ಬರಬೇಕು? ತಂಡದಲ್ಲಿ ಹನ್ನೆರಡು ಹುಡುಗಿಯರಿದ್ದರೆ ಮೈದಾನಕ್ಕೆ ಇಳಿಯುವವರು ಒಂಬತ್ತು. ಪಿಚರ್ ನಿಲ್ಲುವ ವೃತ್ತ ಒಂದೇ. ಎಷ್ಟೇ ಒಳ್ಳೆಯ ಕೋಚ್ ಆದರೂ ಪ್ರತಿ ಆಟದಲ್ಲೂ ಮೂರು ಮನೆಗಳಿಗೆ ಬೇಸರ ಕಟ್ಟಿಟ್ಟ ಬುತ್ತಿ.

ಇದಕ್ಕೆ ದುಡ್ಡು ಸೇರಿಕೊಂಡಾಗ ಬೇಸರ ಜಗಳವಾಗುತ್ತದೆ. 1887ರಲ್ಲಿ ಶಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್‌ನಲ್ಲಿ ಈ ಆಟ ಹುಟ್ಟಿದ್ದು ಬಾಕ್ಸಿಂಗ್ ಗ್ಲೌಸನ್ನು ಬಿಗಿದು ಕಟ್ಟಿದ ಚೆಂಡು ಮತ್ತು ಒಂದು ಪೊರಕೆ ಕೋಲಿನಿಂದ. ಈಗ ಬ್ಯಾಟ್ ಒಂದಕ್ಕೇ ಮುನ್ನೂರು ನಾನೂರು ಡಾಲರ್. ಊರೂರು ಸುತ್ತಿ ಆಡುವ ‘ಟ್ರಾವೆಲ್’ ತಂಡವಾದರೆ ಶುಲ್ಕ, ಪ್ರಯಾಣ, ಹೋಟೆಲು ಎಲ್ಲ ಸೇರಿ ವರ್ಷಕ್ಕೆ ಸಾವಿರಾರು ಡಾಲರ್. ಅಷ್ಟು ಸುರಿಯುವವರ ಕಣ್ಣೆದುರು ಕಾಲೇಜಿನ ವಿದ್ಯಾರ್ಥಿವೇತನ ಇರುತ್ತದೆ. ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂದ 1972ರ ‘ಟೈಟಲ್ ನೈನ್’ ಕಾನೂನು ಹುಡುಗಿಯರಿಗೆ ಆ ಬಾಗಿಲು ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಬಾಗಿಲಲ್ಲಿ ನೂಕುನುಗ್ಗಲು ಎಷ್ಟಾಯಿತೆಂದರೆ, ಎಂಟನೇ ತರಗತಿಯ ಹುಡುಗಿಯರು ಕಾಲೇಜುಗಳಿಗೆ ಬಾಯಿಮಾತಿನ ಒಪ್ಪಿಗೆ ಕೊಡತೊಡಗಿದ್ದರು. ಕೊನೆಗೆ 2018ರಲ್ಲಿ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ, ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಸಾಫ್ಟ್‌ಬಾಲ್ ಆಟಗಾರ್ತಿಯರನ್ನು ಸಂಪರ್ಕಿಸುವಂತಿಲ್ಲ ಎಂದು ಕೋಚ್‌ಗಳ ಕೈ ಕಟ್ಟಿತು. ಅಪ್ಪ ಅಮ್ಮಂದಿರ ಕೈ ಕಟ್ಟುವವರು ಯಾರು? ಸಾಫ್ಟ್‌ಬಾಲ್‌ನಲ್ಲಿ ಪೂರ್ತಿ ಖರ್ಚು ನೀಗುವ ವಿದ್ಯಾರ್ಥಿವೇತನ ಸಿಗುವುದು ಬಹಳ ಕಡಿಮೆ ಜನಕ್ಕೆ. ಇಷ್ಟು ವರ್ಷ ಸುರಿದದ್ದನ್ನು ಕೂಡಿಟ್ಟಿದ್ದರೆ ಫೀಸಿನ ಒಂದು ಭಾಗ ಅದರಲ್ಲೇ ಕಳೆಯುತ್ತಿತ್ತು. ಈ ಲೆಕ್ಕ ಗೊತ್ತಿದ್ದೂ ಸುರಿಯುತ್ತಾರೆ.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಮಕ್ಕಳನ್ನು ಈ ಆಟಕ್ಕೆ ಹಾಕಿರುವ ನಮ್ಮ ಕನ್ನಡದ ಮನೆಗಳ ವರಸೆ ಸ್ವಲ್ಪ ಬೇರೆ. ಬೇಲಿ ಹತ್ತಿರ ನಿಂತು ಕೂಗಲು ನಮ್ಮವರಿಗೆ ಸಂಕೋಚ. ಕೋಚ್ ಎದುರು ‘ಥ್ಯಾಂಕ್ಯೂ ಸರ್’ ಬಿಟ್ಟು ಬೇರೆ ಮಾತಿಲ್ಲ. ಕಾರಿನ ಬಾಗಿಲು ಮುಚ್ಚಿದ ಮೇಲೆ ಶುರು. ‘ಆ ಬಾಲ್ ಯಾಕೆ ಬಿಟ್ಟೆ ಪುಟ್ಟಿ? ಪಕ್ಕದವಳು ಹೇಗೆ ಹಿಡಿದಳು ನೋಡಿದ್ಯಾ?’ ಮನೆ ಮುಟ್ಟುವವರೆಗೂ ವಿಶ್ಲೇಷಣೆ. ಆಯ್ಕೆಯ ದಿನ ಯಾವ ಕೋಚ್‌ನ ಕಣ್ಣಿಗೂ ಬೀಳದ ಪೋಷಕರು ಇವರು.

ಕೂಗುವ ಅಪ್ಪನ ಮಗಳು ಚೆನ್ನಾಗಿ ಆಡಿದರೆ ಕೋಚ್ ಏನು ಮಾಡಬೇಕು? ಬಹಳ ಮಂದಿ ಮಾಡುವುದು ಒಂದೇ. ‘ಸಾರಿ, ತಂಡ ಭರ್ತಿಯಾಯಿತು’ ಎಂದು ಸಂದೇಶ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ನನಗೆ ಇದು ಹೇಡಿತನ ಅನ್ನಿಸುತ್ತದೆ. ಅಪ್ಪನ ಬಾಯಿಗೆ ಶಿಕ್ಷೆ ಮಗಳಿಗೆ. ಶಿಕ್ಷೆ ಯಾಕೆಂದು ಅಪ್ಪನಿಗೆ ಗೊತ್ತಾಗುವುದೂ ಇಲ್ಲ. ಅವನು ಪಕ್ಕದ ಊರಿನ ತಂಡಕ್ಕೆ ಹೋಗುತ್ತಾನೆ, ಮರುವರ್ಷ ಮತ್ತೊಂದಕ್ಕೆ. ಎಲ್ಲೂ ಸಲ್ಲದಿದ್ದರೆ ತಾನೇ ಒಂದು ತಂಡ ಕಟ್ಟಿ ತಾನೇ ಕೋಚ್ ಆಗುತ್ತಾನೆ. ಆ ತಂಡದ ಪಿಚರ್ ಯಾರೆಂದು ಕೇಳಬೇಕಾಗಿಲ್ಲ.

ಹಾಗೆಂದು ಪ್ರಶ್ನೆ ಕೇಳಿದವರೆಲ್ಲ ತರಲೆಗಳಲ್ಲ. ಬೇಸ್‌ಬಾಲ್‌ನ ಹುಡುಗರಿಗೆ ದಿನಕ್ಕೆ ಇಷ್ಟೇ ಎಸೆತ ಎಂದು ಮಕ್ಕಳ ಆಟ ನಡೆಸುವ ಸಂಸ್ಥೆ ಲಿಟಲ್ ಲೀಗ್ 2007ರಲ್ಲೇ ಮಿತಿ ಹಾಕಿತು. ಕೆಳಗಿನಿಂದ ಎಸೆದರೆ ಭುಜಕ್ಕೆ ನೋವಾಗದು ಎಂಬ ಹಳೆಯ ನಂಬಿಕೆಯಿಂದ ಹುಡುಗಿಯರ ಎಷ್ಟೋ ಟೂರ್ನಿಗಳಲ್ಲಿ ಈಗಲೂ ಆ ಎಣಿಕೆಯೇ ಇಲ್ಲ. ವಾರಾಂತ್ಯದಲ್ಲಿ ಒಬ್ಬಳಿಂದಲೇ ಆಟದ ಮೇಲೆ ಆಟ ಎಸೆಸುವುದನ್ನು ಪ್ರಶ್ನಿಸುವ ತಾಯಿ ‘ಕಷ್ಟದ ಪೋಷಕಿ’ ಅಲ್ಲ, ತಂಡದಲ್ಲಿ ಇರಲೇಬೇಕಾದವಳು. ಅಮೆರಿಕದ ಜಿಮ್ನಾಸ್ಟಿಕ್ಸ್‌ನಲ್ಲಿ ವೈದ್ಯ ಲ್ಯಾರಿ ನಾಸರ್ ವಿರುದ್ಧ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ವರ್ಷಗಟ್ಟಲೆ ತಳ್ಳಿಹಾಕಿದ್ದರ ಫಲವನ್ನು ನೂರಾರು ಹೆಣ್ಣುಮಕ್ಕಳು ಉಂಡರು. ಬಾಯಿ ಮುಚ್ಚಿಕೊಂಡಿರುವ ಪೋಷಕರೇ ಬೇಕೆನ್ನುವ ಕೋಚ್‌ನ ಮೇಲೆ ನನಗಂತೂ ಮೊದಲು ಅನುಮಾನ ಬರುತ್ತದೆ.

ಎಲ್ಲೆ ಮೀರಿದವರಿಗೆ ಮದ್ದು ಹುಡುಕಿದವರೂ ಇದ್ದಾರೆ. ನ್ಯೂಜೆರ್ಸಿಯ ಡೆಪ್ಟ್‌ಫರ್ಡ್‌ನಲ್ಲಿ ಅಂಪೈರ್‌ಗಳು ಬೈಗುಳ ತಾಳಲಾರದೆ ಬಿಟ್ಟು ಹೋಗತೊಡಗಿದಾಗ, 2023ರಲ್ಲಿ ಅಲ್ಲಿನ ಲಿಟಲ್ ಲೀಗ್ ಒಂದು ನಿಯಮ ತಂದಿತು. ಅಂಪೈರ್‌ನನ್ನು ಬೈದವರು ಮೂರು ಆಟಕ್ಕೆ ತಾವೇ ಅಂಪೈರ್ ಆಗಿ ನಿಲ್ಲಬೇಕು, ಅಲ್ಲಿಯವರೆಗೆ ಮೈದಾನಕ್ಕೆ ಪ್ರವೇಶವಿಲ್ಲ. ಓದಿದಾಗ ನಗು ಬಂತು, ಖುಷಿಯೂ ಆಯಿತು. ಆದರೆ ಇದು ಬೈಗುಳ ಕಿವಿಗೆ ಬಿದ್ದ ಮೇಲಿನ ಮದ್ದು.

ಮೊದಲೇ ಆಗಬೇಕಾದದ್ದು ಆಯ್ಕೆಯ ಹೊತ್ತಿನ ಹತ್ತು ನಿಮಿಷದ ಮಾತು. ಮಗಳನ್ನು ಆಚೆ ಆಡಲು ಕಳಿಸಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಳಬೇಕು: ‘ಈ ವರ್ಷ ನಿಮ್ಮ ಹುಡುಗಿ ನಮ್ಮಲ್ಲಿ ಮೂರನೇ ಪಿಚರ್. ಶನಿವಾರದ ಲೀಗ್ ಆಟದಲ್ಲಿ ಅವಕಾಶ ಸಿಗುತ್ತದೆ. ಭಾನುವಾರ ಸೋತವರು ಮನೆಗೆ ಹೋಗುವ ಆಟ, ಅದರಲ್ಲಿ ಸಿಗದೆಯೂ ಇರಬಹುದು. ದೂರು ಇದ್ದರೆ ಆಟ ಮುಗಿದು ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಬನ್ನಿ, ನಿಮ್ಮ ಮಗಳ ವಿಷಯ ಮಾತ್ರ ಮಾತಾಡೋಣ. ಇವತ್ತು ನೀವು ಬೇಲಿ ಹತ್ತಿರ ನಿಂತು ಕೈಸನ್ನೆ ಮಾಡುತ್ತಿದ್ದುದನ್ನು ನೋಡಿದೆ. ಅದು ಇಲ್ಲಿ ನಡೆಯುವುದಿಲ್ಲ.’ ಕೊನೆಯ ಎರಡು ವಾಕ್ಯ ಹೇಳಲು ಎದೆಗಾರಿಕೆ ಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆ ಇರುವುದು ಸುಮ್ಮನೆ ಅಲ್ಲ. ಕೆಲವರು ಅಲ್ಲೇ ಎದ್ದು ಹೋಗುತ್ತಾರೆ. ಹೋಗಲಿ. ಆಯ್ಕೆಯ ವಾರದಲ್ಲಿ ಹೋದರೆ ಆ ಜಾಗಕ್ಕೆ ಕಾಯುತ್ತಿರುವ ಇನ್ನೊಂದು ಹುಡುಗಿ ಸಿಗುತ್ತಾಳೆ. ಮುನಿಸು ನುಂಗಿಕೊಂಡು ಸೇರಿ, ಟೂರ್ನಿಗಳ ನಡುವೆ, ಕಟ್ಟಿದ ಶುಲ್ಕವೆಲ್ಲ ಖರ್ಚಾದ ಮೇಲೆ, ಮಗಳ ಜೊತೆ ಇನ್ನಿಬ್ಬರು ಗೆಳತಿಯರನ್ನೂ ಕರೆದುಕೊಂಡು ಹೊರಟರೆ ಉಳಿದ ಒಂಬತ್ತು ಮಕ್ಕಳಿಗೆ ಬದಲಿ ಆಟಗಾರ್ತಿಯೇ ಇರುವುದಿಲ್ಲ.